ಮೋಟರ್‌ಹೋಮಿಗೆ ಹಿಚ್ ಸೈಕಲ್ ರ‍್ಯಾಕ್: ಆಯ್ಕೆಯ ವಿಚಾರ

ಒಳಗೆ ಮನೆಯಂತೆ ಸಜ್ಜುಗೊಳಿಸಿದ ವಾಹನವಾದ ಮೋಟರ್‌ಹೋಮಿನ ಹಿಂಬದಿಯ ಹಿಚ್‌ಗೆ ಸಿಕ್ಕಿಸಿ ಸೈಕಲ್‌ಗಳನ್ನು ಹೊತ್ತೊಯ್ಯಲು ಬಳಸುವ ಉಕ್ಕಿನ ಅಥವಾ ಅಲ್ಯೂಮಿನಿಯಂ ಚೌಕಟ್ಟನ್ನು ಹಿಚ್ ಸೈಕಲ್ ರ‍್ಯಾಕ್ ಎನ್ನುತ್ತಾರೆ. ಹಿಚ್ ಎಂದರೆ ಟ್ರೇಲರ್ ಎಳೆಯುವ ಸಲುವಾಗಿ ವಾಹನದ ಚಾಸಿಗೆ ಬೋಲ್ಟ್ ಹಾಕಿಯೋ ಬೆಸೆದೋ ಕೂರಿಸಿದ ಜೋಡಣೆ. ಅಮೆರಿಕ ಮತ್ತು ಕೆನಡಾದಲ್ಲಿ ಇದರ ಬಾಯಿ ಚೌಕಾಕಾರದ ಉಕ್ಕಿನ ಕೊಳವೆ. ಅದಕ್ಕೆ ರಿಸೀವರ್ ಎಂದು ಹೆಸರು. ಯುರೋಪಿನಲ್ಲಿ 50 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಆ ಕೆಲಸ ಮಾಡುತ್ತದೆ. ಈ ಲೇಖನದಲ್ಲಿ ಹೆಚ್ಚಾಗಿ ಬರುವುದು ಅಮೆರಿಕದ ರೂಢಿ. ಯುರೋಪಿನ ಪದ್ಧತಿಯನ್ನು ಮುಂದೆ ಪ್ರತ್ಯೇಕವಾಗಿ ಹೇಳಿದೆ.

ಮೋಟರ್‌ಹೋಮಿನಲ್ಲಿ ಊರೂರು ಸುತ್ತುವವರಿಗೆ ಸೈಕಲ್ ಬರೀ ಹವ್ಯಾಸದ ವಸ್ತುವಲ್ಲ. ಹತ್ತು ಮೀಟರ್ ಉದ್ದದ ವಾಹನವನ್ನು ಒಮ್ಮೆ ಬಿಡಾರದಲ್ಲಿ ನಿಲ್ಲಿಸಿ, ನೀರು, ವಿದ್ಯುತ್ತಿನ ಸಂಪರ್ಕ ಕೊಟ್ಟ ಮೇಲೆ ಹಾಲು ತರಲು ಅದನ್ನೇ ಹೊರಡಿಸಲಾಗದು. ಯೂಟಾದ ಜ಼ಯನ್ ರಾಷ್ಟ್ರೀಯ ಉದ್ಯಾನದ ಕಣಿವೆ ರಸ್ತೆಯಲ್ಲಿ ಶಟಲ್ ಬಸ್ಸು ಓಡುವ ತಿಂಗಳುಗಳಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ, ಸೈಕಲ್ಲಿಗಿದೆ. ಮೇನ್ ರಾಜ್ಯದ ಅಕೇಡಿಯಾ ಉದ್ಯಾನದಲ್ಲಿ ಸುಮಾರು 45 ಮೈಲಿ ಉದ್ದದ ಹಳೆಯ ಸಾರೋಟು ರಸ್ತೆಗಳಿಗೆ ಮೋಟಾರು ವಾಹನಗಳು ಇಳಿಯುವಂತೆಯೇ ಇಲ್ಲ. ಅಂಥ ಕಡೆ ಸೈಕಲ್ ತಂದವರಿಗೆ ಸಿಗುವ ನೋಟವೇ ಬೇರೆ.

ರ‍್ಯಾಕ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಸೈಕಲ್ ಹಿಡಿಸುತ್ತದೆ ಎಂದು. ಆ ಪ್ರಶ್ನೆ ಎರಡನೆಯದಾಗಬೇಕು. ಮೊದಲು ನೋಡಬೇಕಾದದ್ದು ವಾಹನದ ಹಿಂಭಾಗವನ್ನು: ಹಿಂದಿನ ಗಾಲಿಯಿಂದ ಎಷ್ಟು ದೂರಕ್ಕೆ ಅದು ಚಾಚಿದೆ, ರಿಸೀವರನ್ನು ಯಾವುದಕ್ಕೆ ಕೂರಿಸಿದ್ದಾರೆ, ರಸ್ತೆಯ ಉಬ್ಬುತಗ್ಗಿನಲ್ಲಿ ಅದು ಎಷ್ಟು ಕುಣಿಯುತ್ತದೆ ಎನ್ನುವುದನ್ನು. ಕಾರಿನ ಹಿಂದೆ ವರ್ಷಗಟ್ಟಲೆ ಬಾಳಿದ ರ‍್ಯಾಕು ಮೋಟರ್‌ಹೋಮಿನ ಹಿಂದೆ ಒಂದೇ ಬೇಸಿಗೆಯಲ್ಲಿ ಬಿರುಕು ಬಿಡುವುದುಂಟು.

ಹಿಂಭಾರದ ಲೆಕ್ಕ

ಎತ್ತಿನ ಗಾಡಿಯಲ್ಲಿ ಮೂಟೆಗಳನ್ನು ಹಿಂದಕ್ಕೆ ಜೋಡಿಸಿದರೆ ಮೂಕಿ ಮೇಲಕ್ಕೇಳುತ್ತದೆ. ಎತ್ತುಗಳ ಹೆಗಲ ಮೇಲೆ ನೊಗ ನಿಲ್ಲುವುದಿಲ್ಲ. ಮೋಟರ್‌ಹೋಮಿನ ಹಿಂದೆ ರ‍್ಯಾಕ್ ಹಾಕಿದಾಗ ಆಗುವುದೂ ಇದೇ, ಪ್ರಮಾಣ ಮಾತ್ರ ಬೇರೆ. ಎರಡು ಆಕ್ಸಲ್‌ಗಳ ನಡುವೆ 5 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಂಪರ್‌ವರೆಗೆ 3 ಮೀಟರ್ ಇರುವ ಒಂದು ವಾಹನವನ್ನು ತೆಗೆದುಕೊಳ್ಳೋಣ. 30 ಕೆ.ಜಿ. ತೂಗುವ ರ‍್ಯಾಕಿನ ಮೇಲೆ ತಲಾ 30 ಕೆ.ಜಿ.ಯ ಎರಡು ಎಲೆಕ್ಟ್ರಿಕ್ ಸೈಕಲ್ ಇಟ್ಟರೆ ಒಟ್ಟು 90 ಕೆ.ಜಿ. ಈ ಭಾರದ ಕೇಂದ್ರ ಬಂಪರಿನಿಂದ ಇನ್ನೂ 60 ಸೆಂ.ಮೀ. ಆಚೆಗಿದೆ ಎಂದುಕೊಂಡರೆ, ಹಿಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 90 ಕೆ.ಜಿ. ಅಲ್ಲ, ಸುಮಾರು 155 ಕೆ.ಜಿ. ಉಳಿದ 65 ಕೆ.ಜಿ. ಎಲ್ಲಿಂದ ಬಂತು? ಮುಂದಿನ ಆಕ್ಸಲ್‌ನಿಂದ. ಅಷ್ಟು ಭಾರ ಸ್ಟೀರಿಂಗ್ ಗಾಲಿಗಳಿಂದ ಕಳಚಿ ಹಿಂದಕ್ಕೆ ಹೋಗಿದೆ.

ದೊಡ್ಡ ವಾಹನಕ್ಕೆ 65 ಕೆ.ಜಿ. ಏನು ಮಹಾ ಎನಿಸಬಹುದು. ಆದರೆ ಹಿಂಬದಿಯಲ್ಲೇ ಹಾಸಿಗೆ, ನೀರಿನ ತೊಟ್ಟಿ, ಸಾಮಾನಿನ ಗೂಡುಗಳಿರುವ ವಿನ್ಯಾಸಗಳಲ್ಲಿ ಹಿಂದಿನ ಆಕ್ಸಲ್ ಮೊದಲೇ ತನ್ನ ಮಿತಿಯ ಹತ್ತಿರ ಬಂದಿರುತ್ತದೆ. ಆದ್ದರಿಂದ ರ‍್ಯಾಕ್ ಕೊಳ್ಳುವ ಮುನ್ನ ನೀರು, ಇಂಧನ, ಸಾಮಾನು, ಜನ ಎಲ್ಲ ತುಂಬಿಕೊಂಡು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಒಂದೊಂದು ಆಕ್ಸಲ್‌ನ ತೂಕವನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಸರಿಯಾದ ಕ್ರಮ. ಅಮೆರಿಕದ ಹೆದ್ದಾರಿಗಳಲ್ಲಿ ಲಾರಿಗಳು ತಂಗುವ ನಿಲ್ದಾಣಗಳಲ್ಲಿ ಈ ಸೌಲಭ್ಯ ಸುಲಭವಾಗಿ ಸಿಗುತ್ತದೆ. ಖರ್ಚು ಅಲ್ಪ, ತಿಳಿಯುವುದು ಬಹಳ.

ತೂಕಕ್ಕಿಂತ ದೊಡ್ಡ ಶತ್ರು ಅಲುಗಾಟ. ಮೇಲಿನದೇ ವಾಹನದ ಹಿಂದಿನ ಗಾಲಿ 5 ಸೆಂ.ಮೀ. ಎತ್ತರದ ಉಬ್ಬನ್ನು ಏರಿ, ದೇಹವೂ ಅಷ್ಟೇ ಎದ್ದಿತು ಎನ್ನೋಣ. ಸೈಕಲ್ ಇರುವ ಜಾಗ ಆಗ ಸುಮಾರು 8.6 ಸೆಂ.ಮೀ. ಮೇಲೆದ್ದಿರುತ್ತದೆ, ಅದೂ ಅಷ್ಟೇ ಸಮಯದಲ್ಲಿ. ಅಳತೆ ಹಿಡಿದು ನೋಡಿದರೆ ಕಾರಿಗೂ ಈ ಅನುಪಾತ ಬಹಳ ದೂರವಿಲ್ಲ. ನಿಜವಾದ ವ್ಯತ್ಯಾಸವಿರುವುದು ಸ್ಪ್ರಿಂಗಿನಲ್ಲಿ. ಕಾರಿನ ಮೆದು ಸ್ಪ್ರಿಂಗು ಉಬ್ಬಿನ ಬಹುಪಾಲನ್ನು ತಾನೇ ನುಂಗಿ ದೇಹಕ್ಕೆ ಸ್ವಲ್ಪವನ್ನಷ್ಟೇ ದಾಟಿಸುತ್ತದೆ. ಲಾರಿಯ ಚಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮಿನ ಬಿರುಸಾದ ಪಟ್ಟಿ ಸ್ಪ್ರಿಂಗು ಅದನ್ನು ಹೆಚ್ಚುಕಡಿಮೆ ಹಾಗೆಯೇ ಮೇಲಕ್ಕೆ ಕಳಿಸುತ್ತದೆ. ಜೊತೆಗೆ ಉದ್ದನೆಯ ಚಾಸಿ ಹಿಂದಕ್ಕೆ ಹೋದಂತೆ ತಾನೇ ಬಾಗಿ ಬಳುಕುತ್ತದೆ. ಸೇತುವೆಯ ಕೀಲುಗಳಿರುವ ಹೆದ್ದಾರಿಯಲ್ಲಿ ಈ ಏಟು ಒಂದೇ ಲಯದಲ್ಲಿ ಗಂಟೆಗಟ್ಟಲೆ ಬೀಳುತ್ತಿರುತ್ತದೆ. ರ‍್ಯಾಕು ಮುರಿಯುವುದು ಬಹುತೇಕ ಹೀಗೆ: ಒಂದೇ ಸಲದ ಭಾರಕ್ಕಲ್ಲ, ಸಾವಿರಾರು ಸಣ್ಣ ಬಾಗುವಿಕೆಗಳಿಂದ ಲೋಹ ದಣಿದು.

ಈ ದೃಷ್ಟಿಯಿಂದ ಎಲ್ಲ ಮೋಟರ್‌ಹೋಮುಗಳೂ ಒಂದೇ ಅಲ್ಲ. ಮರ್ಸಿಡೀಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್‌ನಂಥ ವ್ಯಾನ್‌ಗಳನ್ನೇ ಮನೆಯಾಗಿಸಿದ ‘ಬಿ’ ವರ್ಗದ ವಾಹನಗಳ ಹಿಂಚಾಚು ಚಿಕ್ಕದು; ನಡತೆಯಲ್ಲಿ ಅವು ದೊಡ್ಡ ಕಾರಿಗೆ ಹತ್ತಿರ. ಫೋರ್ಡ್ ಇ-450ರಂಥ ಚಾಸಿಯ ಮೇಲೆ, ಚಾಲಕನ ತಲೆಯ ಮೇಲೂ ಹಾಸಿಗೆ ಬರುವಂತೆ ಕಟ್ಟಿದ ‘ಸಿ’ ವರ್ಗದವುಗಳಲ್ಲಿ ಗಾಲಿಗಳ ನಡುವಿನ ಅಂತರಕ್ಕೆ ಹೋಲಿಸಿದರೆ ಹಿಂಚಾಚು ದೊಡ್ಡದಾಗಿರುವುದು ಸಾಮಾನ್ಯ. ರ‍್ಯಾಕಿನ ಪಾಲಿಗೆ ಅತ್ಯಂತ ಕಠಿಣವಾದ ಜಾಗ ಇದೇ. ಬಸ್ಸಿನ ಆಕಾರದ ‘ಎ’ ವರ್ಗದಲ್ಲಿ ಏರ್ ಸಸ್ಪೆನ್ಷನ್ ಇದ್ದರೆ ಏಟು ಸ್ವಲ್ಪ ಮೆದುವಾಗುತ್ತದೆ.

ಕೈಪಿಡಿಯ ಸಣ್ಣ ಅಕ್ಷರ

ರ‍್ಯಾಕ್ ತಯಾರಕರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಹಾಗಾಗಿಯೇ ಎಷ್ಟೋ ಜನಪ್ರಿಯ ರ‍್ಯಾಕುಗಳ ಕೈಪಿಡಿಯಲ್ಲಿ ಮೋಟರ್‌ಹೋಮು, ಟ್ರೇಲರುಗಳ ಹಿಂದೆ ಬಳಸಕೂಡದು, ಬಳಸಿದರೆ ಖಾತರಿ ಇಲ್ಲ ಎಂದು ಬರೆದಿರುತ್ತದೆ. ಇನ್ನು ಕೆಲವರು ಬಳಕೆಗೆ ಒಪ್ಪಿ, ಪ್ರತಿ ಸೈಕಲ್ಲಿನ ತೂಕದ ಮಿತಿಯನ್ನು ತಗ್ಗಿಸುತ್ತಾರೆ. ಮೋಟರ್‌ಹೋಮಿಗೆಂದೇ ಪರೀಕ್ಷಿಸಿದ ಮಾದರಿಗಳೂ ಇವೆ. ಹಾಲಿವುಡ್ ರ‍್ಯಾಕ್ಸ್ ಕಂಪನಿಯ ‘ಆರ್‌ವಿ ರೈಡರ್’ (ಮೋಟರ್‌ಹೋಮಿನಂಥ ವಾಹನಗಳಿಗೆ ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ) ಹೆಸರಿನಿಂದಲೇ ಆ ಉದ್ದೇಶವನ್ನು ಹೇಳುತ್ತದೆ. ಸ್ವ್ಯಾಗ್‌ಮನ್ ಕಂಪನಿಯ ಕೆಲವು ಮಾದರಿಗಳಿಗೂ ಅಂಥ ಅನುಮತಿಯಿದೆ. ಒಂದೇ ಕಂಪನಿಯ ಒಂದು ಮಾದರಿಗೆ ಅನುಮತಿ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದಾದ್ದರಿಂದ ಕಂಪನಿಯ ಹೆಸರು ನೋಡಿ ಕೊಳ್ಳುವಂತಿಲ್ಲ. ಆ ಮಾದರಿಯ ಕೈಪಿಡಿಯಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಕೈಪಿಡಿಯಲ್ಲಿ ಆ ಸಾಲು ಇಲ್ಲದ ರ‍್ಯಾಕನ್ನು, ಅದು ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ, ಬಿಟ್ಟುಬಿಡುವುದೇ ಸರಿ. ಹೆದ್ದಾರಿಯಲ್ಲಿ ಕಳಚಿ ಬಿದ್ದ 30 ಕೆ.ಜಿ.ಯ ಸೈಕಲ್ ಹಿಂದೆ ಬರುತ್ತಿರುವವರ ಪ್ರಾಣಕ್ಕೆ ಸಂಚಕಾರ. ಇದು ಸೈಕಲ್ ಮಾಲೀಕರ ನಷ್ಟದ ಪ್ರಶ್ನೆ ಮಾತ್ರವಲ್ಲ.

ರಿಸೀವರ್

ರಿಸೀವರಿನ ಬಾಯಿಯ ಒಳ ಅಳತೆ ಮುಖ್ಯವಾಗಿ ಎರಡು ಬಗೆ: 1¼ ಇಂಚು ಮತ್ತು 2 ಇಂಚು. ಭಾರೀ ಲಾರಿಗಳಲ್ಲಿ 2½ ಮತ್ತು 3 ಇಂಚಿನವೂ ಇವೆ. ಒಳಗೆ ತೂರಿಸಿದ ತೋಳು ಜಾರದಂತೆ ಹಿಡಿಯಲು 1¼ ಇಂಚಿನದಕ್ಕೆ ಅರ್ಧ ಇಂಚಿನ ಪಿನ್, 2 ಇಂಚಿನದಕ್ಕೆ 5/8 ಇಂಚಿನ ಪಿನ್. ಮೋಟರ್‌ಹೋಮಿಗೆ 2 ಇಂಚಿಗಿಂತ ಚಿಕ್ಕದನ್ನು ಯೋಚಿಸುವುದೇ ಬೇಡ. 1¼ ಇಂಚಿನ ರ‍್ಯಾಕಿಗೆ ಅಡಾಪ್ಟರ್ ತೋಳು ಹಾಕಿ ಹೊಂದಿಸುವುದು ಕಾರಿನಲ್ಲಿ ನಡೆದೀತು, ಇಲ್ಲಿ ಅದು ಇನ್ನೊಂದು ಸಡಿಲ ಕೀಲಾಗುತ್ತದೆ.

ಹಿಚ್‌ಗಳನ್ನು ಎಳೆಯುವ ಶಕ್ತಿಗೆ ತಕ್ಕಂತೆ ವರ್ಗ ಮಾಡುತ್ತಾರೆ. ಮೂರನೆಯ ವರ್ಗದ್ದಕ್ಕೆ 8,000 ಪೌಂಡ್‌ವರೆಗೆ ಎಳೆಯುವ, 800 ಪೌಂಡ್‌ವರೆಗೆ ನೇರ ಭಾರ ಹೊರುವ ಶಕ್ತಿ ಇರಬಹುದು. ಆದರೆ ‘ಸಿ’ ವರ್ಗದ ಮೋಟರ್‌ಹೋಮುಗಳಲ್ಲಿ 5,000 ಪೌಂಡ್ ಎಳೆತ, 500 ಪೌಂಡ್ ಭಾರ ಎಂಬ ಚೀಟಿ ಸಾಮಾನ್ಯ. 500 ಪೌಂಡ್ ಎಂದರೆ ಸುಮಾರು 227 ಕೆ.ಜಿ. ಹಾಗಿದ್ದರೆ 90 ಕೆ.ಜಿ.ಗೆ ಭಯವೇಕೆ? ಆ 500 ಪೌಂಡನ್ನು ಅಳೆಯುವುದು ರಿಸೀವರಿನ ಹತ್ತಿರವೇ ಇರುವ ಟ್ರೇಲರ್ ಗುಂಡಿನ ಮೇಲೆ. ರ‍್ಯಾಕಿನ ಭಾರವಾದರೋ ಅದಕ್ಕಿಂತ ದೂರಕ್ಕೆ ಚಾಚಿರುತ್ತದೆ, ಮೇಲೆ ಕೆಳಗೆ ಮಾತ್ರವಲ್ಲದೆ ಅಕ್ಕಪಕ್ಕಕ್ಕೂ ತಿರುಚುತ್ತದೆ. ಟ್ರೇಲರಿಗೆ ತನ್ನದೇ ಗಾಲಿಗಳಿವೆ, ರ‍್ಯಾಕಿಗೆ ಇಲ್ಲ. ಚೀಟಿಯ ಅಂಕಿಯನ್ನು ನೇರವಾಗಿ ರ‍್ಯಾಕಿಗೆ ಅನ್ವಯಿಸುವುದು ತಪ್ಪು ಲೆಕ್ಕ.

ಇನ್ನೊಂದು ವಿಷಯವನ್ನು ವಾಹನದ ಕೆಳಗೆ ನುಸುಳಿ ನೋಡಿಯೇ ತಿಳಿಯಬೇಕು. ಮೂಲ ಚಾಸಿ ಎಷ್ಟೋ ಸಲ ಮನೆಯ ಉದ್ದಕ್ಕೆ ಸಾಲುವುದಿಲ್ಲ. ಕಟ್ಟುವವರು ಅದರ ತುದಿಗೆ ಹೆಚ್ಚುವರಿ ಕಂಬಿಗಳನ್ನು ಬೆಸೆದು ಉದ್ದ ಮಾಡಿರುತ್ತಾರೆ. ರಿಸೀವರು ಕೂತಿರುವುದು ಈ ಸೇರಿಸಿದ ಕಂಬಿಗೆ. ರಿಸೀವರಿನ ಮೇಲೆ ಯಾವ ಅಂಕಿ ಬರೆದಿದ್ದರೂ ಆ ಬೆಸುಗೆ ತಾಳುವಷ್ಟೇ ನಿಜವಾದ ಶಕ್ತಿ. ಟಾರ್ಚ್ ಹಿಡಿದು ಬೆಸುಗೆಯ ಗೆರೆ ಒಂದೇ ಸಮನಾಗಿದೆಯೇ, ಬಣ್ಣ ಒಡೆದು ತುಕ್ಕಿನ ನೀರು ಇಳಿದಿದೆಯೇ, ಬೋಲ್ಟಿನ ರಂಧ್ರ ಉದ್ದಕ್ಕೆ ಹಿಗ್ಗಿದೆಯೇ ಎಂದು ನೋಡಬೇಕು. ಹಿಚ್, ಅಡಾಪ್ಟರ್, ರ‍್ಯಾಕ್ ಈ ಸರಪಳಿಯಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. ಟ್ರೇಲರುಗಳ ಹಿಂದೆ ಕಾಣುವ 4 ಇಂಚಿನ ಚೌಕ ಬಂಪರನ್ನೂ ಇಲ್ಲಿ ಹೆಸರಿಸಬೇಕು. ಅದು ಕೊಳಚೆ ಪೈಪನ್ನು ಇಟ್ಟುಕೊಳ್ಳಲು ಮಾಡಿದ ತೆಳು ತಗಡಿನ ಪೆಟ್ಟಿಗೆ. ಅದಕ್ಕೆ ರಿಸೀವರ್ ಬಿಗಿಯುವ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ ಎಂದಮಾತ್ರಕ್ಕೆ ಅದು ಎರಡು ಎಲೆಕ್ಟ್ರಿಕ್ ಸೈಕಲ್ ಹೊರುವಷ್ಟು ಗಟ್ಟಿಯಾಗಿಬಿಡುವುದಿಲ್ಲ.

ಮೀಸಲು ಟೈರು ಅಥವಾ ಏಣಿ ಅಡ್ಡ ಬರುತ್ತದೆಂದು ಉದ್ದನೆಯ ತೋಳು ಸೇರಿಸುವ ರೂಢಿಯಿದೆ. ಅಂಥ ತೋಳು ಹಿಚ್‌ನ ಭಾರ ಹೊರುವ ಮಿತಿಯನ್ನು ಅರ್ಧಕ್ಕೆ ಇಳಿಸುತ್ತದೆ ಎಂದೇ ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಸಾಧ್ಯವಾದಷ್ಟೂ ಅದನ್ನು ತಪ್ಪಿಸಬೇಕು.

ಸಡಿಲಿಕೆಯದು ಸಣ್ಣ ಲೆಕ್ಕ, ದೊಡ್ಡ ಪರಿಣಾಮ. ರ‍್ಯಾಕಿನ ತೋಳು ರಿಸೀವರಿನೊಳಗೆ 15 ಸೆಂ.ಮೀ. ಹೋಗಿ ಅಲ್ಲಿ 1 ಮಿ.ಮೀ. ಆಡಿದರೆ, 80 ಸೆಂ.ಮೀ. ಆಚೆಗೆ ಅದು 5 ಮಿ.ಮೀ.ಗೂ ಹೆಚ್ಚು. ಪ್ರತಿ ಉಬ್ಬಿನಲ್ಲೂ ಅಷ್ಟು ದೂರ ಬಿದ್ದು ಬಡಿಯುತ್ತದೆ. ತಿರುಪಿನ ಗೆರೆಗಳುಳ್ಳ ಪಿನ್ನನ್ನು ತೋಳಿನೊಳಕ್ಕೇ ತಿರುಗಿಸಿ ಬಿಗಿದರೆ ಅಡ್ಡಲಾಗಿ ಆಡುವುದು ನಿಲ್ಲುತ್ತದೆ. ಮೇಲೆ ಕೆಳಗಿನ ಅಲುಗಾಟಕ್ಕೆ ರಿಸೀವರನ್ನೂ ತೋಳನ್ನೂ ಒಟ್ಟಿಗೆ ಅಪ್ಪುವ ‘ಯು’ ಆಕಾರದ ಬೋಲ್ಟು ಅಥವಾ ತೋಳಿನೊಳಗೆ ಹಿಗ್ಗುವ ಬೆಣೆ ಬೇಕು. ಮೋಟರ್‌ಹೋಮಿಗೆ ಇವುಗಳಲ್ಲಿ ಒಂದಾದರೂ ಇರಲೇಬೇಕು.

ತಟ್ಟೆಯೋ ನೇತಾಡಿಸುವುದೋ

ಸೈಕಲನ್ನು ಅಡ್ಡ ಕೊಳವೆಯಿಂದ ತೂಗುಹಾಕುವ ರ‍್ಯಾಕು ಹಗುರ, ಅಗ್ಗ. ಆದರೆ ಮೋಟರ್‌ಹೋಮಿನ ಹಿಂದೆ ಅದರ ಸೈಕಲ್‌ಗಳು ತೂಗಾಡಿ ಒಂದಕ್ಕೊಂದು ಉಜ್ಜುತ್ತವೆ. ಗಾಲಿಗಳನ್ನು ತಟ್ಟೆಯಲ್ಲಿ ಕೂರಿಸಿ ಬಿಗಿಯುವ ಬಗೆಯೇ ಇಲ್ಲಿ ಯೋಗ್ಯ. ಅದರಲ್ಲೂ ಚೌಕಟ್ಟನ್ನು ಮೇಲಿನಿಂದ ಹಿಡಿಯುವ ನಡುಗಂಬವಿದ್ದರೆ ಅಲುಗಾಟ ಬಹಳ ಕಡಿಮೆ. ಕಾರ್ಬನ್ ಚೌಕಟ್ಟಿನ ಸೈಕಲ್ಲಿಗೆ ಮಾತ್ರ ಆ ಹಿಡಿ ಒತ್ತಡ ಕೊಟ್ಟು ಬಿರುಕು ತರಬಹುದು. ಅದಕ್ಕೆ ಟೈರನ್ನಷ್ಟೇ ಹಿಡಿಯುವ ರ‍್ಯಾಕ್ ಬೇಕು. ಮಡ್‌ಗಾರ್ಡ್ ಇರುವ ಸೈಕಲ್ಲಿನಲ್ಲಿ ಮುಂದಿನ ಟೈರಿನ ಮೇಲೆ ಕೂರುವ ಕೊಕ್ಕೆ ಮಡ್‌ಗಾರ್ಡನ್ನೇ ಅದುಮುತ್ತದೆ. ನಡುವೆ ತಗ್ಗಿರುವ, ಸುಲಭವಾಗಿ ಹತ್ತಿ ಇಳಿಯುವ ಚೌಕಟ್ಟಿನ ಸೈಕಲ್ಲಿಗೆ ಸೀಟಿನ ಕೊಳವೆಯಿಂದ ಹ್ಯಾಂಡಲ್‌ವರೆಗೆ ಅಡ್ಡಪಟ್ಟಿ ಬೇಕಾಗುತ್ತದೆ.

ಸಾಮಾನ್ಯ ಸೈಕಲ್ 10ರಿಂದ 15 ಕೆ.ಜಿ. ತೂಗಿದರೆ ಎಲೆಕ್ಟ್ರಿಕ್ ಸೈಕಲ್ 20ರಿಂದ 35 ಕೆ.ಜಿ. ಬ್ಯಾಟರಿಯನ್ನು ಕಳಚಿ ಒಳಗಿಟ್ಟರೆ ಎರಡೂವರೆಯಿಂದ ನಾಲ್ಕು ಕೆ.ಜಿ. ಇಳಿಯುತ್ತದೆ, ಸಂಪರ್ಕದ ಜಾಗಕ್ಕೆ ಮಳೆನೀರು, ಕೆಸರು ತಾಗದಂತೆ ಮುಚ್ಚಳ ಹಾಕಿಕೊಳ್ಳಬಹುದು. 4 ಇಂಚು ಅಗಲದ ದಪ್ಪ ಟೈರಿಗೆ ತಟ್ಟೆಯೂ ಅಷ್ಟು ಅಗಲವಿರಬೇಕು. ನಾಲ್ಕು ಸೈಕಲ್ಲಿನ ರ‍್ಯಾಕಿನ ವಿಷಯದಲ್ಲಿ ಎಚ್ಚರಿಕೆ ಬೇಕು: ನಾಲ್ಕನೆಯ ಸೈಕಲ್ ರಿಸೀವರಿನಿಂದ ಒಂದು ಮೀಟರಿಗೂ ಆಚೆ ನಿಲ್ಲುತ್ತದೆ, ಅದರ ತೂಕ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಎಳೆಯುತ್ತದೆ. ಭಾರವಾದದ್ದನ್ನು ವಾಹನದ ಪಕ್ಕಕ್ಕೆ, ಹಗುರವಾದದ್ದನ್ನು ಹೊರಗಿನ ಸಾಲಿಗೆ ಇಡಬೇಕು. ಮಕ್ಕಳ ಸೈಕಲ್ಲುಗಳನ್ನು ವಾಹನದ ಒಳಗೇ ಇಡಲು ಜಾಗವಿದ್ದರೆ ಎರಡರ ರ‍್ಯಾಕೇ ಮೇಲು.

ವಾಹನದ ಹಿಂಬದಿಯಲ್ಲಿ ಏನೇನಿದೆ

ಹೊಗೆ ಕೊಳವೆ ಎಲ್ಲಿ ತೆರೆಯುತ್ತದೆ ಎಂದು ಮೊದಲು ನೋಡಬೇಕು. ಬಿಸಿ ಹೊಗೆ ನೇರ ಟೈರಿಗೆ ತಾಗಿ ರಬ್ಬರ್ ಕರಗಿದ್ದುಂಟು. ಹಿಂಬದಿಯಲ್ಲಿ ಡೀಸೆಲ್ ಎಂಜಿನ್ ಇರುವ ವಾಹನದಲ್ಲಿ ಎಂಜಿನ್ ಬಾಗಿಲು ತೆರೆಯಲು ರ‍್ಯಾಕ್ ಬಗ್ಗಬೇಕು, ರೇಡಿಯೇಟರ್ ಹಿಂದೆ ಇದ್ದರೆ ಗಾಳಿಯೂ ಸರಾಗವಾಗಿ ಆಡಬೇಕು. ಮಲಗುವ ಕೋಣೆಯ ಹಿಂದಿನ ಕಿಟಕಿ ಬೆಂಕಿ ಬಿದ್ದಾಗ ಪಾರಾಗುವ ದಾರಿಯಾಗಿದ್ದರೆ ಸೈಕಲ್ಲುಗಳು ಅದಕ್ಕೆ ಅಡ್ಡ ನಿಲ್ಲಬಾರದು. ಇದನ್ನು ಮರೆಯುವವರೇ ಹೆಚ್ಚು. ಎರಡು ಕದದ ವ್ಯಾನಿನಲ್ಲಿ ರ‍್ಯಾಕನ್ನು ಬರೀ ಬಗ್ಗಿಸಿದರೆ ಕದ ತೆರೆಯದು, ಪಕ್ಕಕ್ಕೆ ತಿರುಗುವ ಬಗೆ ಬೇಕು. ಅದು ಸಹಜವಾಗಿಯೇ ಹೆಚ್ಚು ತೂಕದ್ದು.

ಹಿಂಬದಿಯ ದೀಪ, ನಂಬರ್ ಪ್ಲೇಟ್ ಮರೆಯಾದರೆ ಪೊಲೀಸರು ತಡೆಯಬಹುದು. ಕ್ಯಾಲಿಫೋರ್ನಿಯ ಸೇರಿದಂತೆ ಹಲವು ರಾಜ್ಯಗಳಲ್ಲಿ ಪ್ಲೇಟ್ ಸ್ಪಷ್ಟವಾಗಿ ಕಾಣಬೇಕೆಂಬ ನಿಯಮವಿದೆ. ಪ್ಲೇಟನ್ನು ರ‍್ಯಾಕಿಗೇ ವರ್ಗಾಯಿಸಿ ಸಣ್ಣ ದೀಪ ಜೋಡಿಸುವುದು ಸುಲಭ ಪರಿಹಾರ. ರಿವರ್ಸ್ ಕ್ಯಾಮೆರಾ ಮುಚ್ಚಿಹೋದರೆ ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಂತು ದಾರಿ ತೋರಿಸಬೇಕು.

ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ, ಹಿಂದಿನ ಗಾಲಿಯಿಂದ 3 ಮೀಟರ್ ದೂರದಲ್ಲಿ ಇರುವ ಬಂಪರ್ ಎಂಟೂವರೆ ಡಿಗ್ರಿಯ ಇಳಿಜಾರಿನವರೆಗೆ ನೆಲ ಮುಟ್ಟುವುದಿಲ್ಲ. ಅದೇ ಎತ್ತರದಲ್ಲಿ ಇನ್ನೊಂದು ಮೀಟರ್ ರ‍್ಯಾಕ್ ಚಾಚಿದರೆ ಆ ಕೋನ ಆರು ಡಿಗ್ರಿಯ ಚಿಲ್ಲರೆಗೆ ಇಳಿಯುತ್ತದೆ. ಪೆಟ್ರೋಲ್ ಬಂಕಿಗೆ ಹತ್ತುವ ಇಳಿಜಾರಿನಲ್ಲೇ ರ‍್ಯಾಕು ನೆಲಕ್ಕೆ ಕೆರೆಯುತ್ತದೆ. ಆದ್ದರಿಂದ ತೋಳು ಮೇಲಕ್ಕೆ ಬಾಗಿದ ರ‍್ಯಾಕು ಉತ್ತಮ. ಉದ್ದದ ಮಿತಿಯನ್ನೂ ನೆನಪಿಡಬೇಕು: ಮೊಂಟಾನಾದ ಗ್ಲೇಷಿಯರ್ ಉದ್ಯಾನದಲ್ಲಿ ‘ಗೋಯಿಂಗ್-ಟು-ದ-ಸನ್’ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. 20 ಅಡಿಯ ವ್ಯಾನಿಗೆ ಹಿಂದೆ ರ‍್ಯಾಕ್ ಸೇರಿದರೆ ಆ ರಸ್ತೆಗೆ ಹೊರಡುವ ಮುನ್ನ ಟೇಪು ಹಿಡಿದು ಅಳೆಯಬೇಕು.

ಹಿಂದೆ ಕಾರನ್ನೂ ಎಳೆದೊಯ್ಯುವವರು ಎರಡು ಬಾಯಿಯ ಅಡಾಪ್ಟರ್ ಹಾಕಿ ಕೆಳಗೆ ಕಾರು, ಮೇಲೆ ಸೈಕಲ್ ಎಂದು ಜೋಡಿಸುತ್ತಾರೆ. ಹಿಚ್‌ನ ಮೇಲೆ ಎರಡು ಹೊರೆ ಒಟ್ಟಿಗೆ ಬೀಳುತ್ತವೆ. ತೀವ್ರ ತಿರುವಿನಲ್ಲಿ ಕಾರಿನ ಬಾನೆಟ್ಟಿನ ಮೂಲೆ ಹ್ಯಾಂಡಲ್ಲಿಗೆ ತಾಗುವುದೂ ಇದೆ. ಅದಕ್ಕಿಂತ ಎಳೆಯುವ ಕಾರಿನ ಹಿಂದೆಯೇ ರ‍್ಯಾಕ್ ಹಾಕುವುದು ಸುರಕ್ಷಿತ, ರ‍್ಯಾಕ್ ತಯಾರಕರು ಅದಕ್ಕೆ ಒಪ್ಪಿದ್ದರೆ. ಕಾರಿನೊಳಗೇ ಸೈಕಲ್ ಇಡಲಾಗುವುದಾದರೆ ಇನ್ನೂ ಒಳ್ಳೆಯದು. ಅಮೆರಿಕಕ್ಕೆ ಹೋಗಿ ಮೋಟರ್‌ಹೋಮನ್ನು ಬಾಡಿಗೆಗೆ ಪಡೆಯುವ ನಮ್ಮವರು ಹಿಚ್ ಬಳಸಲು ಒಪ್ಪಂದದಲ್ಲಿ ಅನುಮತಿ ಇದೆಯೇ ಎಂದು ಮುಂಚೆಯೇ ಕೇಳಿಕೊಳ್ಳಬೇಕು.

ಯುರೋಪಿನಲ್ಲಿ

ಯುರೋಪಿನ ಮೋಟರ್‌ಹೋಮುಗಳಲ್ಲಿ ಬಹುಪಾಲು ಫಿಯಟ್ ಡುಕಾಟೊದಂಥ ವ್ಯಾನಿನ ಚಾಸಿಯವು. ಸಾಮಾನ್ಯ ‘ಬಿ’ ಪರವಾನಗಿಯವರು ಓಡಿಸಲು ಅನುಕೂಲವಾಗಲೆಂದು 3,500 ಕೆ.ಜಿ. ಮಿತಿಯೊಳಗೆ ಕಟ್ಟಿರುತ್ತಾರೆ. ಅಲ್ಲಿ ಪ್ರತಿ ಕಿಲೋವೂ ಲೆಕ್ಕಕ್ಕೆ ಬರುತ್ತದೆ. ಹಿಚ್ ಗುಂಡಿನ ಮೇಲೆ ಹಾಕಬಹುದಾದ ನೇರ ಭಾರ 75 ಅಥವಾ 100 ಕೆ.ಜಿ. ಎಂದು ಫಲಕದಲ್ಲಿ ಬರೆದಿರುವುದು ಸಾಮಾನ್ಯ; ರ‍್ಯಾಕಿನ ಸ್ವಂತ ತೂಕವೂ ಅದರಲ್ಲೇ ಸೇರಬೇಕು. ಹಿಂಗೋಡೆಗೆ ಬೋಲ್ಟ್ ಹಾಕುವ ಫಿಯಾಮ ಕಂಪನಿಯ ‘ಕ್ಯಾರಿ-ಬೈಕ್’ ಮಾದರಿಗಳು ಅಲ್ಲಿ ಬಹಳ ಪ್ರಚಾರದಲ್ಲಿವೆ. ಅವುಗಳ ಹಿಂಚಾಚು ಕಡಿಮೆ, ಆದರೆ ಭಾರವಾದ ಎಲೆಕ್ಟ್ರಿಕ್ ಸೈಕಲನ್ನು ಎದೆಮಟ್ಟಕ್ಕೆ ಎತ್ತಬೇಕು, ಗೋಡೆ ತೂತಾದಲ್ಲಿ ನೀರು ಸೋರದಂತೆ ಕಾಯಬೇಕು. ಹಿಚ್ ರ‍್ಯಾಕಿಗೆ ದೀಪದ ಹಲಗೆ, ಜರ್ಮನಿಯಲ್ಲಿ ಇನ್ನೊಂದು ನಂಬರ್ ಪ್ಲೇಟ್ ಬೇಕು. ಇಟಲಿ, ಸ್ಪೇನ್‌ಗಳಲ್ಲಿ ಹಿಂದಕ್ಕೆ ಚಾಚಿದ ಹೊರೆಗೆ 50 ಸೆಂ.ಮೀ. ಚೌಕದ ಕೆಂಪು-ಬಿಳಿ ಓರೆಪಟ್ಟಿಯ ಫಲಕ ಕಡ್ಡಾಯ.

ಬಳಕೆ, ತಪಾಸಣೆ

ಹೊರಟ ಮೊದಲ ಮೂವತ್ತು ನಲವತ್ತು ಕಿಲೋಮೀಟರಿನಲ್ಲೇ ಒಮ್ಮೆ ನಿಲ್ಲಿಸಿ ಪಿನ್ನು, ಪಟ್ಟಿ, ಬೋಲ್ಟುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಪ್ರತಿ ನಿಲುಗಡೆಯಲ್ಲೂ. ಪ್ರತಿ ಸೈಕಲ್ಲಿಗೂ ರ‍್ಯಾಕಿನ ಹಿಡಿ ಬಿಟ್ಟು ಇನ್ನೊಂದು ಪಟ್ಟಿ ಸುತ್ತಿರಬೇಕು. ಇಡೀ ಸೈಕಲನ್ನು ಮುಚ್ಚುವ ಹೊದಿಕೆ ದೂಳಿನಿಂದ ಕಾಪಾಡಿದರೂ ಗಾಳಿ ತುಂಬಿಕೊಂಡು ರ‍್ಯಾಕನ್ನು ಎಳೆಯುತ್ತದೆ. ಬಿಗಿಯಾಗಿ ಕಟ್ಟಲು ಬರದಿದ್ದರೆ ಹೆದ್ದಾರಿಯಲ್ಲಿ ಅದು ಬೇಡ. ರಾತ್ರಿಯ ಬೀಗಕ್ಕೆ ಪಿನ್ನಿಗೊಂದು, ಸೈಕಲ್‌ಗಳ ಚೌಕಟ್ಟಿಗೊಂದು, ಹೀಗೆ ಎರಡು ಬೇರೆ ಬೀಗಗಳಿರಲಿ.

ವರ್ಷಕ್ಕೊಮ್ಮೆಯಾದರೂ ರ‍್ಯಾಕನ್ನು ಕಳಚಿ ತೊಳೆದು ಬೆಸುಗೆಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ತೋಳು ನಡುಗಂಬಕ್ಕೆ ಸೇರುವ ಜಾಗ, ಮಡಚುವ ಕೀಲು, ಪಿನ್ನಿನ ರಂಧ್ರ, ಇವು ಮೊದಲು ಸೋಲುವ ಕಡೆಗಳು. ಉಕ್ಕಿನಲ್ಲಿ ಬಿರುಕು ಕೂದಲೆಳೆಯಂಥ ತುಕ್ಕಿನ ಗೆರೆಯಾಗಿ ಕಾಣುತ್ತದೆ. ಅಲ್ಯೂಮಿನಿಯಂನಲ್ಲಿ ತುಕ್ಕು ಬಾರದ ಕಾರಣ ಉಗುರಿನಿಂದ ಸವರಿ ನೋಡಬೇಕು. ಬಿರುಕು ಬಿಟ್ಟ ಅಲ್ಯೂಮಿನಿಯಂ ರ‍್ಯಾಕಿಗೆ ಹತ್ತಿರದ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿ ಮತ್ತೆ ಹೊರಡುವವರಿದ್ದಾರೆ. ಕಾಯಿಸಿ ಹದಗೊಳಿಸಿದ ಅಲ್ಯೂಮಿನಿಯಂ ಬೆಸುಗೆಯ ಬಿಸಿಗೆ ಆ ಹದವನ್ನು ಕಳೆದುಕೊಂಡು ಸುತ್ತಲೂ ಮೆತ್ತಗಾಗುತ್ತದೆ, ಮುಂದಿನ ಬಿರುಕು ಬೆಸುಗೆಯ ಪಕ್ಕದಲ್ಲೇ ಹುಟ್ಟುತ್ತದೆ. ಅಂಥ ಭಾಗವನ್ನು ತಯಾರಕರಿಂದ ಹೊಸದಾಗಿ ತರಿಸಿ ಹಾಕಬೇಕು. ಸಿಗದಿದ್ದರೆ ರ‍್ಯಾಕನ್ನೇ ಬದಲಿಸಬೇಕು.